ಮಲೆನಾಡಿನ ಗೋಮಾಳ ಮತ್ತು ಸೊಪ್ಪಿನಬೆಟ್ಟ

ತೀರ್ಥಹಳ್ಳಿಯಿಂದ ಉತ್ತರಕ್ಕೆ ಕೋಣಂದೂರಿನ ಹಾದಿ ಹಿಡಿದು ಹೊರಟವನ ಕಣ್ಣಿಗೆ ಮೂರು ಬಗೆಯ ನೆಲಗಳು ಮೂರು ಅಂತಸ್ತುಗಳಂತೆ ಕಾಣಿಸುತ್ತವೆ. ಕಣಿವೆಯ ತಳದಲ್ಲಿ ಗದ್ದೆ; ಅದರ ಅಂಚಿಗೆ, ನೀರಿನ ಆಸರೆಯುಳ್ಳ ತಗ್ಗಿನಲ್ಲಿ, ಅಡಕೆಯ ತೋಟ; ಅದಕ್ಕೂ ಮೇಲೆ ಗುಡ್ಡ. ಗದ್ದೆ ತೋಟಗಳನ್ನು ಕಂಡವನು ಅವುಗಳ ಬೆಲೆಯನ್ನು ಒಡನೆಯೇ ಊಹಿಸಬಲ್ಲನು. ಗುಡ್ಡದ ಸಂಗತಿ ಹಾಗಲ್ಲ. ಅಲ್ಲಿ ಕಾಣುವುದು ಕೊಂಬೆ ಸವರಿಸಿಕೊಂಡು ಬೋಳಾಗಿ ನಿಂತ ಮರಗಳು, ನಡುವೆ ಒಂದಿಷ್ಟು ಹುಲ್ಲು, ಹೊರಗೆ ಇಣುಕುವ ಕೆಂಪು ಜಂಬಿಟ್ಟಿಗೆಯ ಕಲ್ಲು, ನಾಲ್ಕಾರು ಸಣ್ಣ ದನಗಳು. ಇದು ಯಾವ ಉಪಯೋಗಕ್ಕೂ ಬಾರದ ಪಾಳು ನೆಲವೆಂದು ಅವನು ತೀರ್ಮಾನಿಸುವುದು ಸಹಜ. ಸರ್ಕಾರದ ಕಡತಗಳೂ ಬಹುಕಾಲ ಹಾಗೆಯೇ ತೀರ್ಮಾನಿಸಿದುವು. ಆ ತೀರ್ಮಾನ ಎಷ್ಟರ ಮಟ್ಟಿಗೆ ಸರಿ, ಅದರಿಂದ ಏನಾಯಿತು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಹೊರಗಿನವನಿಗೆ ಒಂದೇ ಗುಡ್ಡವಾಗಿ ಕಾಣುವ ನೆಲಕ್ಕೆ ಊರಿನವರಲ್ಲಿ ಹಲವು ಹೆಸರುಗಳಿವೆ. ಊರಿನ ಎಲ್ಲ ದನಗಳೂ ಮೇಯಲು ಬಿಟ್ಟ ನೆಲ ಗೋಮಾಳ. ತೋಟದವರು ಗೊಬ್ಬರಕ್ಕೆಂದು ಸೊಪ್ಪು ತರುವ ನೆಲ ಸೊಪ್ಪಿನಬೆಟ್ಟ. ಮಳೆಗಾಲ ಕಳೆದ ಮೇಲೆ ಹುಲ್ಲು ಕೊಯ್ದುಕೊಳ್ಳುವ ನೆಲ ಬ್ಯಾಣ. ಅಲ್ಲಿ ಕೊಯ್ದು ಒಣಗಿಸಿದ ಹುಲ್ಲಿಗೆ ಕರಡವೆಂದು ಹೆಸರು. ನೀರಿನ ಸೆಲೆಯನ್ನು ಕಾಯುವ ದಟ್ಟವಾದ ಹಸಿರು ಕಾಡು ಕಾನು. ಹೆಸರು ಬೇರೆಯಾದಂತೆ ಬಳಕೆಯ ಕ್ರಮವೂ ಬೇರೆ. ಕಾನೂನೂ ಈ ಭೇದವನ್ನು ಬಲ್ಲುದು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣದಲ್ಲಿ ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಉತ್ತರ ಕನ್ನಡದ ಬೆಟ್ಟ, ಹಾಡಿ, ಕೊಡಗಿನ ಜಮ್ಮಾ ಬಾಣೆ ಇವುಗಳ ಜೊತೆಗೆ ಹಳೆಯ ಮೈಸೂರು ಸೀಮೆಯ ಕಾನು ಮತ್ತು ಸೊಪ್ಪಿನಬೆಟ್ಟಗಳ ಹೆಸರೂ ಇದೆ. ಇಲ್ಲಿ ಜನಕ್ಕಿರುವುದು ಒಡೆತನವಲ್ಲ, ಅನುಭವಿಸುವ ಸೌಲಭ್ಯ. ನೆಲ ಸರ್ಕಾರದ್ದು, ಸೊಪ್ಪು, ಹುಲ್ಲು ಅನುಭವಿಸುವವನದು. ಈ ಎರಡರ ನಡುವಣ ಬಿರುಕಿನಲ್ಲಿಯೇ ಮುಂದಿನ ಎಲ್ಲ ತೊಂದರೆಗಳೂ ಹುಟ್ಟಿದುವು.

ಮೊದಲು ಗುಡ್ಡಕ್ಕೂ ತೋಟಕ್ಕೂ ಇರುವ ನಂಟನ್ನು ತಿಳಿಯಬೇಕು. ತೀರ್ಥಹಳ್ಳಿ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಕೋಣಂದೂರಿನ ಕಡೆಗೆ ಬಂದಂತೆ ಅದು ಬಹಳ ಕಡಮೆಯಾದರೂ ಮಲೆನಾಡಿನ ಮಳೆ ಮಳೆಯೇ. ಸಾವಿರಾರು ವರ್ಷಗಳಿಂದ ಸುರಿದ ಈ ನೀರು ಮಣ್ಣಿನಲ್ಲಿ ಕರಗಬಲ್ಲ ಸುಣ್ಣ, ಪೊಟ್ಯಾಸಿಯಂ ಮೊದಲಾದ ಲವಣಗಳನ್ನೂ ಮರಳಿನ ಅಂಶವಾದ ಸಿಲಿಕವನ್ನೂ ತೊಳೆದುಕೊಂಡು ಹೋಗಿದೆ. ಉಳಿದುದು ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳು. ಇವೇ ಗಟ್ಟಿಗೊಂಡು ಜಂಬಿಟ್ಟಿಗೆಯಾಗಿವೆ. ಹೀಗಿರಲು ಇಲ್ಲಿಯ ಫಲವತ್ತತೆ ಮಣ್ಣಿನ ಆಳದಲ್ಲಿಲ್ಲ. ಮೇಲಿನ ಗೇಣುದ್ದದ ಪದರದಲ್ಲಿಯೂ ಅದರ ಮೇಲೆ ಬೆಳೆದ ಎಲೆ, ಹುಲ್ಲುಗಳಲ್ಲಿಯೂ ಇದೆ. ಮರದ ಬೇರು ಆಳದಿಂದ ಎತ್ತಿ ತಂದ ಅಲ್ಪಸ್ವಲ್ಪ ಲವಣವು ಎಲೆಯಾಗಿ ಉದುರಿ, ಕೊಳೆತು, ಮತ್ತೆ ಬೇರಿಗೆ ಸೇರುತ್ತದೆ. ಆ ಚಕ್ರ ತಿರುಗುತ್ತಿರುವವರೆಗೆ ಗುಡ್ಡ ಹಸಿರಾಗಿರುತ್ತದೆ.

ಮಲೆನಾಡಿನ ರೈತನು ಈ ಚಕ್ರದ ಒಂದು ಹಲ್ಲನ್ನು ತನ್ನ ತೋಟಕ್ಕೆ ತೊಡಿಸಿಕೊಂಡಿದ್ದಾನೆ. ಅದರ ಕೀಲು ಕೊಟ್ಟಿಗೆ. ಮಳೆಗಾಲದಲ್ಲಿ ಹಸಿ ಸೊಪ್ಪನ್ನೂ ಬೇಸಗೆಯಲ್ಲಿ ದರಗನ್ನೂ, ಎಂದರೆ ಉದುರಿದ ಒಣ ಎಲೆಯನ್ನೂ, ಹೊತ್ತು ತಂದು ದನದ ಕಾಲಡಿ ಹಾಸುತ್ತಾನೆ. ಸೆಗಣಿ ಗಂಜಲಗಳು ಆ ಹಾಸಿಗೆಗೆ ಸೇರುತ್ತವೆ. ಗಂಜಲದಲ್ಲಿರುವ ಯೂರಿಯ ಬರಿಯ ನೆಲದ ಮೇಲೆ ಬಿದ್ದರೆ ಅಮೋನಿಯವಾಗಿ ಗಾಳಿಗೆ ಹಾರಿಹೋಗುತ್ತದೆ. ಕೊಟ್ಟಿಗೆಯ ಘಾಟು ವಾಸನೆ ಅದೇ. ಸೊಪ್ಪು ಅದನ್ನು ಹೀರಿ ಹಿಡಿದಿಡುತ್ತದೆ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಮೆ. ಗಂಜಲದಲ್ಲಿ ಸಾರಜನಕ ಹೆಚ್ಚು. ಎರಡೂ ಕೂಡಿದಾಗ ಜೀವಾಣುಗಳಿಗೆ ಹದವಾದ ಆಹಾರ ದೊರೆತು ಗೊಬ್ಬರದ ಗುಂಡಿಯಲ್ಲಿ ಕೊಳೆಯುವ ಕೆಲಸ ಬೇಗ ನಡೆಯುತ್ತದೆ. ರಸಾಯನಶಾಸ್ತ್ರದ ಹೆಸರು ಕೇಳದ ಕಾಲದಲ್ಲಿಯೂ ನಮ್ಮ ಹಿರಿಯರು ಈ ಬೆರಕೆಯನ್ನು ಸರಿಯಾಗಿ ಮಾಡುತ್ತಿದ್ದರು. ಅಡಕೆಯ ಬುಡಕ್ಕೆ ಬೀಳುವ ಗೊಬ್ಬರದ ಬುಟ್ಟಿಯಲ್ಲಿ ಗುಡ್ಡದ ಮರ, ಗುಡ್ಡದ ಹುಲ್ಲು, ಗುಡ್ಡದಲ್ಲಿ ಮೆಂದು ಬಂದ ದನ ಈ ಮೂರರ ಪಾಲೂ ಇರುತ್ತದೆ.

ಆ ದನದ ಮಾತನ್ನೂ ಹೇಳಬೇಕು. ಮಲೆನಾಡು ಗಿಡ್ಡ ಎಂಬುದು ಇಂದು ಪ್ರತ್ಯೇಕ ತಳಿಯೆಂದು ದಾಖಲೆಯಾಗಿದೆ. ಆಕಳು ನಿಂತರೆ ಎತ್ತರ ಒಂದು ಮೀಟರಿಗಿಂತ ಕಡಮೆ. ತೂಕ ಸುಮಾರು ನೂರು ಕಿಲೋಗ್ರಾಂ. ಹಾಲು ದಿನಕ್ಕೆ ಒಂದೆರಡು ಲೀಟರು ಮಾತ್ರ. ಹಾಲಿನ ಲೆಕ್ಕ ಒಂದನ್ನೇ ಹಿಡಿದವರು ಇದನ್ನು ಹಗುರವಾಗಿ ಕಾಣುವುದುಂಟು. ಆದರೆ ಬಿಡದೆ ಸುರಿಯುವ ಮಳೆಯನ್ನು ಸಹಿಸಿ, ಕಡಿದಾದ ಗುಡ್ಡವೇರಿ, ಒರಟು ಹುಲ್ಲನ್ನೂ ಪೊದೆಯ ಚಿಗುರನ್ನೂ ತಿಂದು, ಯಾವ ಹಿಂಡಿಯ ಹಂಗೂ ಇಲ್ಲದೆ ಸೆಗಣಿ, ಹಾಲು, ಕರು ಇವನ್ನು ಕೊಡುವ ಪ್ರಾಣಿಯನ್ನು ಬೇರೆ ಅಳತೆಗೋಲಿನಿಂದ ಅಳೆಯಬೇಕು. ತೋಟವಿಲ್ಲದ, ಗದ್ದೆಯೂ ಇಲ್ಲದ ಕೂಲಿಯವನು ಎರಡು ಗಿಡ್ಡಗಳನ್ನು ಸಾಕಬಲ್ಲನಾದರೆ ಅದಕ್ಕೆ ಕಾರಣ ಗೋಮಾಳ. ಗೋಮಾಳ ಹೋದರೆ ಅವನ ಕೊಟ್ಟಿಗೆಯೂ ಹೋಯಿತು.

ಇನ್ನು ಹುಲ್ಲು. ಮೇಯುವುದರಿಂದ ಹುಲ್ಲು ಹಾಳಾಗುತ್ತದೆಂದು ಕೆಲವರೂ, ಎಷ್ಟು ಮೆಂದರೂ ಹುಲ್ಲು ಮತ್ತೆ ಬೆಳೆಯುತ್ತದೆಂದು ಕೆಲವರೂ ನಂಬಿದ್ದಾರೆ. ಎರಡೂ ಅರ್ಧಸತ್ಯಗಳು. ಗಿಡಮರಗಳು ಬೆಳೆಯುವ ಮೊಗ್ಗು ಕೊಂಬೆಯ ತುದಿಯಲ್ಲಿದೆ. ಹುಲ್ಲಿನದು ಬುಡದಲ್ಲಿ, ನೆಲಕ್ಕೆ ಅಂಟಿದಂತೆ ಇದೆ. ದನ ಎಲೆಯ ತುದಿಯನ್ನು ಕಚ್ಚಿದರೆ ಮೊಗ್ಗಿಗೆ ಅಪಾಯವಿಲ್ಲ; ಬದಲಾಗಿ ಬುಡಕ್ಕೆ ಬಿಸಿಲು ತಗಲಿ ಹೊಸ ತೆಂಡೆಗಳು ಒಡೆಯುತ್ತವೆ. ಆದರೆ ಎಲೆಯೇ ಸಸ್ಯದ ಅಡುಗೆಮನೆ ಎಂಬುದನ್ನು ಮರೆಯಬಾರದು. ಎಲೆ ಹೋದಾಗ ಹೊಸ ಎಲೆಯನ್ನು ಕಟ್ಟಲು ಸಸ್ಯವು ಬೇರಿನ ಬೆಳವಣಿಗೆಯನ್ನು ನಿಲ್ಲಿಸಬೇಕಾಗುತ್ತದೆ. ಅಮೆರಿಕದ ಕ್ರೈಡರ್ ಎಂಬ ವಿಜ್ಞಾನಿ 1955ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಸೊಗಸಾಗಿ ತೋರಿಸಿದುವು. ಎಲೆಯ ಅರ್ಧ ಭಾಗವನ್ನು ಕತ್ತರಿಸಿದಾಗ ಬೇರುಗಳು ಬಹುಮಟ್ಟಿಗೆ ಎಂದಿನಂತೆ ಬೆಳೆಯುತ್ತಿದ್ದುವು; ಶೇಕಡ 80 ಭಾಗವನ್ನು ಕತ್ತರಿಸಿದಾಗ ಎಲ್ಲ ಬೇರುಗಳ ಬೆಳವಣಿಗೆಯೂ ನಿಂತುಹೋಯಿತು. ಮಲೆನಾಡಿನ ಬೇಸಗೆಯಲ್ಲಿ ನಾಲ್ಕೈದು ತಿಂಗಳು ಮಳೆಯಿಲ್ಲ. ಬೇರು ಮೋಟಾದ ಹುಲ್ಲು ಆ ದಿನಗಳನ್ನು ದಾಟಲಾರದು. ಅದು ಸತ್ತ ಜಾಗದಲ್ಲಿ ದನ ಮುಟ್ಟದ ಗಿಡಗಳು ನೆಲೆಯೂರುತ್ತವೆ. ಅಮೆರಿಕದ ಉಷ್ಣಪ್ರದೇಶಗಳಿಂದ ಬಂದು, ಜನರಿಂದ ಕಮ್ಯುನಿಸ್ಟ್ ಗಿಡವೆಂಬ ವಿಚಿತ್ರ ಹೆಸರನ್ನು ಪಡೆದ ಯುಪಟೋರಿಯಂ, ಅಂತೆಯೇ ಲಂಟಾನ, ಇವು ಗುಡ್ಡಗಳನ್ನು ಹಬ್ಬಿದುದು ಹೀಗೆಯೇ.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಊರಿನ ನೂರು ದನಗಳಿಗೆ 12 ಹೆಕ್ಟೇರು ಗೋಮಾಳವಿರಬೇಕೆಂದು 1966ರ ಭೂಕಂದಾಯ ನಿಯಮಗಳು ಹೇಳುತ್ತವೆ. ಎಂದರೆ ಒಂದು ದನಕ್ಕೆ ಸುಮಾರು 12 ಗುಂಟೆ. ದನವು ದಿನಕ್ಕೆ ತನ್ನ ತೂಕದ ಶೇಕಡ ಎರಡು, ಎರಡೂವರೆಯಷ್ಟು ಒಣ ಮೇವನ್ನು ತಿನ್ನುತ್ತದೆ. ನೂರು ಕಿಲೋಗ್ರಾಂ ತೂಗುವ ಗಿಡ್ಡಕ್ಕೆ ವರ್ಷಕ್ಕೆ ಸುಮಾರು 800 ಕಿಲೋಗ್ರಾಂ ಬೇಕು. ಅದೆಲ್ಲವೂ 12 ಗುಂಟೆಯಿಂದಲೇ ಬರಬೇಕಾದರೆ ಎಕರೆಗೆ ಎರಡೂವರೆ ಟನ್ನಿಗೂ ಹೆಚ್ಚು ಒಣಹುಲ್ಲನ್ನು ಮೇಯಬೇಕು. ಅರ್ಧವನ್ನು ಬಿಡಬೇಕೆಂಬ ಕ್ರೈಡರನ ಸೂತ್ರದಂತೆ ಅದರ ಇಮ್ಮಡಿ ಬೆಳೆಯಬೇಕು. ಜಂಬಿಟ್ಟಿಗೆಯ ಗುಡ್ಡದಿಂದ ಇಷ್ಟನ್ನು ನಿರೀಕ್ಷಿಸುವಂತಿಲ್ಲ. ಆದುದರಿಂದಲೇ ಬತ್ತದ ಹುಲ್ಲು, ಬ್ಯಾಣದ ಕರಡ, ಕಾಡಿನ ಚಿಗುರು ಇವೆಲ್ಲ ಸೇರಿದಾಗ ಮಾತ್ರ ದನದ ಹೊಟ್ಟೆ ತುಂಬುತ್ತದೆ. ನಾನೂರು ಕಿಲೋಗ್ರಾಂ ತೂಗುವ ಮಿಶ್ರತಳಿಯ ಹಸುವನ್ನು ಇದೇ ಗುಡ್ಡಕ್ಕೆ ಅಟ್ಟಿದರೆ ಅದು ನಾಲ್ಕು ಗಿಡ್ಡಗಳ ಮೇವನ್ನು ಕೇಳುತ್ತದೆ. ಅಷ್ಟರ ಮೇಲೆ ಗುಡ್ಡವನ್ನು ಹತ್ತಲೂ ಆರದು. ಇನ್ನೊಂದು ಮಾತು: ನಿಯಮದ ಈ 12 ಹೆಕ್ಟೇರೇ ಬಿಗಿಯಾದ ಅಳತೆ; ಅದರಲ್ಲಿಯೂ ಒತ್ತುವರಿಯಾಗಿ, ಕಟ್ಟಡಗಳಿಗೆ ಮಂಜೂರಾಗಿ ಹೋದರೆ ಉಳಿದ ತುಂಡಿನ ಮೇಲೆ ಬೀಳುವ ಭಾರ ಎಷ್ಟೆಂಬುದನ್ನು ಓದುಗರೇ ಗುಣಿಸಿಕೊಳ್ಳಬಹುದು.

ಎಲ್ಲರ ನೆಲ ಯಾರ ನೆಲವೂ ಅಲ್ಲ, ಪ್ರತಿಯೊಬ್ಬನೂ ಇನ್ನೊಂದು ದನವನ್ನು ಬಿಡಲು ಹವಣಿಸುವುದರಿಂದ ಸಾಮಾನ್ಯ ಗೋಮಾಳ ಹಾಳಾಗುವುದು ಅನಿವಾರ್ಯ ಎಂದು ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ಜೀವವಿಜ್ಞಾನಿ 1968ರಲ್ಲಿ ವಾದಿಸಿದನು. ಈ ವಾದ ಬಹಳ ಹೆಸರು ಮಾಡಿತು. ಸಾಮಾನ್ಯ ಭೂಮಿಯನ್ನು ಸರ್ಕಾರ ಅಥವಾ ಖಾಸಗಿಯವರ ವಶಕ್ಕೆ ಕೊಡಬೇಕೆನ್ನುವವರಿಗೆ ಆಧಾರವೂ ಆಯಿತು. ಎಲಿನೋರ್ ಆಸ್ಟ್ರಮ್ ಎಂಬ ವಿದುಷಿ ಇದನ್ನು ಒಪ್ಪಲಿಲ್ಲ. ಆಕೆ ನಾನಾ ದೇಶಗಳ ಗೋಮಾಳ, ಕಾಡು, ನೀರಾವರಿಗಳ ನಿದರ್ಶನಗಳನ್ನು ಕಲೆಹಾಕಿ 1990ರಲ್ಲಿ ಪುಸ್ತಕ ಬರೆದರು. 2009ರಲ್ಲಿ ಆಕೆಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಹಾರ್ಡಿನ್ ಚಿತ್ರಿಸಿದುದು ಕಟ್ಟಳೆಯಿಲ್ಲದ ನೆಲವನ್ನು. ಊರವರೇ ಮಾಡಿಕೊಂಡ ಕಟ್ಟಳೆಯುಳ್ಳ ನೆಲವನ್ನಲ್ಲ ಎಂಬುದು ಆಕೆಯ ವಾದದ ತಿರುಳು. ಆಕೆ ಉದಾಹರಿಸಿದ ಊರುಗಳಲ್ಲಿ ಸ್ವಿಟ್ಜರ್ಲೆಂಡಿನ ಟೊರ್ಬೆಲ್ ಒಂದು. ಚಳಿಗಾಲದಲ್ಲಿ ತನ್ನ ಮನೆಯಲ್ಲಿ ಮೇವು ಹಾಕಿ ಸಾಕಬಲ್ಲಷ್ಟು ದನಗಳನ್ನು ಮಾತ್ರ ಬೇಸಗೆಯಲ್ಲಿ ಬೆಟ್ಟಕ್ಕೆ ಬಿಡಬಹುದೆಂದು ಅಲ್ಲಿ 1517ರಿಂದಲೂ ಕಟ್ಟಳೆಯಿದೆ. ಇದರ ಜಾಣತನವನ್ನು ಗಮನಿಸಬೇಕು. ಬೆಟ್ಟದ ಹುಲ್ಲನ್ನು ಯಾರೂ ಅಳೆಯಬೇಕಾಗಿಲ್ಲ. ಪ್ರತಿಯೊಬ್ಬನ ಮನೆಯ ಹುಲ್ಲಿನ ಬಣವೆಯೇ ಅವನ ದನಗಳ ಮಿತಿಯನ್ನು ಗೊತ್ತುಮಾಡುತ್ತದೆ. ಮಳೆಗಾಲ ಮುಗಿಯುವವರೆಗೆ ದನ ನುಗ್ಗಗೊಡದೆ ಬ್ಯಾಣವನ್ನು ಕಾಯುವ, ಬೇಲಿ ಹಾರಿದ ದನವನ್ನು ಕೊಂಡವಾಡೆಗೆ ಹೊಡೆಯುವ ನಮ್ಮ ಪದ್ಧತಿಯೂ ಇದೇ ಜಾತಿಯದು.

ಆದರೆ ನಮ್ಮಲ್ಲಿ ಕಟ್ಟಳೆಯನ್ನು ಮಾಡುವ ಅಧಿಕಾರ ಊರಿನ ಕೈಯಲ್ಲಿ ಪೂರ್ತಿಯಾಗಿ ಉಳಿಯಲಿಲ್ಲ. ಕಂದಾಯ ಇಲಾಖೆ ಸಾಗುವಳಿಗೆ ಒದಗದ ಇಂಥ ನೆಲಗಳನ್ನು ಸಿ ಮತ್ತು ಡಿ ದರ್ಜೆಯವೆಂದು ಕರೆಯಿತು. ಪುಸ್ತಕದಲ್ಲಿ ಪಾಳೆಂದು ಬರೆದ ಮೇಲೆ ಅದನ್ನು ಉಪಯೋಗಕ್ಕೆ ತರಬೇಕೆಂಬ ಯೋಚನೆ ಬರುವುದು ಸ್ವಾಭಾವಿಕ. ತೀರ್ಥಹಳ್ಳಿಯನ್ನು ಬಳಸಿ ಹರಿಯುವ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ತುಂಗಭದ್ರೆಯಾಗಿ ಹರಿಹರದತ್ತ ಸಾಗುತ್ತದೆ. ಅಲ್ಲಿ, ಎದುರು ದಡದ ಕುಮಾರಪಟ್ಟಣದಲ್ಲಿ, ರೇಯಾನ್ ನೂಲಿಗೆ ಬೇಕಾದ ಮರದ ತಿರುಳನ್ನು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಿದೆ. ಅದಕ್ಕೆ ಮರ ಒದಗಿಸಲೆಂದು 1984ರಲ್ಲಿ ಸರ್ಕಾರವೂ ಈ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪೆನಿಯನ್ನು ಸ್ಥಾಪಿಸಿದುವು. ಶಿವಮೊಗ್ಗ, ಚಿಕ್ಕಮಗಳೂರು, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರು ಸಿ ಮತ್ತು ಡಿ ಭೂಮಿಯನ್ನು ಅದಕ್ಕೆ 40 ವರ್ಷಗಳ ಅವಧಿಗೆ ಕೊಡುವ ಯೋಜನೆ ಅದು. ನೆಡಬೇಕಾದುದು ಮುಖ್ಯವಾಗಿ ನೀಲಗಿರಿ.

ಹಾನಗಲ್ ತಾಲ್ಲೂಕಿನ ಕುಸನೂರಿನ ಜನಕ್ಕೆ ಇದರ ಅರ್ಥ ಬೇಗನೆ ತಿಳಿಯಿತು. ಅವರ ದನ ಮೇಯುತ್ತಿದ್ದ, ಸೌದೆ ಆಯುತ್ತಿದ್ದ ನೆಲದಲ್ಲಿ ನೀಲಗಿರಿಯ ಸಾಲುಗಳೆದ್ದುವು. ಧಾರವಾಡದ ಸಮಾಜ ಪರಿವರ್ತನ ಸಮುದಾಯವೆಂಬ ಸಂಸ್ಥೆ, ಅದರ ಎಸ್. ಆರ್. ಹಿರೇಮಠರು, ಸಾಹಿತಿ ಶಿವರಾಮ ಕಾರಂತರು ಮೊದಲಾದವರು 1986ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. 1987ರ ಮಾರ್ಚಿಯಲ್ಲಿ ತಡೆಯಾಜ್ಞೆ ದೊರೆಯಿತು. ಅದೇ ವರ್ಷ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ನೀಲಗಿರಿಯ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಆದುದರಿಂದಲೇ ಅದಕ್ಕೆ ಕಿತ್ತಿಕೊ ಹಚ್ಚಿಕೊ ಚಳವಳಿಯೆಂದು ಹೆಸರಾಯಿತು. ಕಿತ್ತುದಕ್ಕಿಂತ ಹಚ್ಚಿದುದು ಮುಖ್ಯವೆಂದು ನನ್ನ ಅಭಿಪ್ರಾಯ. ಮರ ಬೇಡವೆಂದು ಅವರು ಹೇಳಲಿಲ್ಲ. ಯಾವ ಮರವೆಂಬುದನ್ನು ಆರಿಸುವವರು ಯಾರು ಎಂದು ಕೇಳಿದರು. 1991ರಲ್ಲಿ ಸರ್ಕಾರವು ಕಂಪೆನಿಯನ್ನು ಮುಚ್ಚುವ ನಿರ್ಧಾರ ಕೈಗೊಂಡಿತು.

ಶಿವಮೊಗ್ಗ ಜಿಲ್ಲೆಯಲ್ಲಿ ಇದೇ ಪ್ರಶ್ನೆ ಬೇರೊಂದು ಮರದ ಸುತ್ತ ಎದ್ದಿತು. ಭದ್ರಾವತಿಯ ಮೈಸೂರು ಕಾಗದದ ಕಾರ್ಖಾನೆಗೆಂದು 1980ರಲ್ಲಿ 40 ವರ್ಷಗಳ ಗುತ್ತಿಗೆಯ ಮೇಲೆ ಕೊಟ್ಟ ಸಾವಿರಾರು ಹೆಕ್ಟೇರುಗಳಲ್ಲಿ ಅಕೇಶಿಯ ನೆಡುತೋಪುಗಳು ಬೆಳೆದುವು. ಇದು ಆಸ್ಟ್ರೇಲಿಯದ ಉತ್ತರ ಭಾಗ ಮತ್ತು ನ್ಯೂಗಿನಿಯ ಮೂಲದ ಮರ. ಇದರ ಎಲೆಯೆಂದು ನಾವು ಕಾಣುವುದು ನಿಜವಾಗಿ ಎಲೆಯಲ್ಲ. ಅಗಲವಾಗಿ ಚಪ್ಪಟೆಯಾಗಿ ಎಲೆಯ ಕೆಲಸವನ್ನು ವಹಿಸಿಕೊಂಡ ತೊಟ್ಟು. ಒಣ ಹವೆಗೆ ಹೊಂದಿಕೊಂಡ ಈ ಅಂಗದ ಸಿಪ್ಪೆ ದಪ್ಪ. ಆದಕಾರಣ ದನಕ್ಕೆ ರುಚಿಸದು, ಉದುರಿದರೆ ಮತ್ತಿಯ ಎಲೆಯಂತೆ ಬೇಗ ಕೊಳೆಯದು. ನೆರಳು ದಟ್ಟವಾದಾಗ ಬಿಸಿಲನ್ನೇ ನಂಬಿದ ಹುಲ್ಲು ಅಡಿಯಲ್ಲಿ ಬದುಕದು. ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಇದು ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಹಿಡಿಯುವ ಜಾತಿಯ ಮರ; ಬೋಳು ಜಂಬಿಟ್ಟಿಗೆಯಲ್ಲಿಯೂ ಬೆಳೆದು ಸೌದೆಯನ್ನು ಕೊಡುತ್ತದೆ. ತಾನಾಗಿ ಬರಿದಾದ ಒಂದು ಮೂಲೆಯಲ್ಲಿ ಊರವರೇ ಇದನ್ನು ನೆಟ್ಟರೆ ಆಕ್ಷೇಪಿಸಬೇಕಾದುದಿಲ್ಲ. ಹುಲ್ಲಿದ್ದ ಗುಡ್ಡಗಳನ್ನೆಲ್ಲ ಇದೊಂದರಿಂದಲೇ ಮುಚ್ಚಿದುದು ತಪ್ಪು. ಗುತ್ತಿಗೆ 2020ರಲ್ಲಿ ಮುಗಿಯುವ ಹೊತ್ತಿಗೆ ಕಾರ್ಖಾನೆಯ ಯಂತ್ರಗಳು ನಿಂತು ಕೆಲವು ವರ್ಷಗಳಾಗಿದ್ದುವು. ಗುತ್ತಿಗೆಯನ್ನು ಮುಂದುವರಿಸುವ ತೀರ್ಮಾನ ಹೊರಬಿದ್ದಾಗ, ನಮ್ಮೂರಿಗೆ ಅಕೇಶಿಯ ಬೇಡವೆಂದು ಜಿಲ್ಲೆಯ ಜನ ಒಗ್ಗೂಡಿದರು.

ಹೊರಗಿನವರ ತಪ್ಪನ್ನು ಎಣಿಸುವುದು ಸುಲಭ. ಊರಿನೊಳಗಿನ ದೋಷವನ್ನೂ ಮುಚ್ಚಿಡಲಾಗದು. ಸೊಪ್ಪಿನಬೆಟ್ಟದ ಸೌಲಭ್ಯ ತೋಟವುಳ್ಳವನಿಗೆ. ತೋಟದಲ್ಲಿ ದುಡಿಯುವವನಿಗೆ ಅಲ್ಲ. ತೋಟ ಹೆಚ್ಚಿದಂತೆ ಸೊಪ್ಪಿನ ಬೇಡಿಕೆ ಹೆಚ್ಚಿತು, ಬೆಟ್ಟ ಹೆಚ್ಚಲಿಲ್ಲ. ಚಿಗುರಲು ಎಡೆಗೊಡದೆ ವರ್ಷ ವರ್ಷವೂ ತುದಿಯವರೆಗೆ ಸವರಿದ ಮರಗಳು ಕಂಬಗಳಾದುವು. ದರಗನ್ನು ಒಂದೆಲೆಯೂ ಉಳಿಯದಂತೆ ಗುಡಿಸಿದಾಗ ಮಳೆಯ ಹನಿ ನೇರವಾಗಿ ಮಣ್ಣಿಗೆ ಬಡಿದು ಆ ಗೇಣುದ್ದದ ಪದರವನ್ನೇ ಕೊಚ್ಚಿತು. ಎಳೆ ಚಿಗುರು ಬರಲೆಂದು ಬೇಸಗೆಯಲ್ಲಿ ಹುಲ್ಲಿಗೆ ಬೆಂಕಿಯಿಡುವವರೂ ಉಂಟು. ನೆಲದಡಿಯ ಬೇರು ಬದುಕಿ ಚಿಗುರೇನೋ ಬರುತ್ತದೆ; ಆದರೆ ಒಣಹುಲ್ಲಿನಲ್ಲಿದ್ದ ಸಾರಜನಕ ಹೊಗೆಯಾಗಿ ಹೋಗುತ್ತದೆ, ಮರದ ಸಸಿಗಳು ಸುಟ್ಟುಹೋಗುತ್ತವೆ. ಬೆಟ್ಟಕ್ಕೆ ಬೇಲಿ ಹಾಕಿ ತೋಟವನ್ನೇ ಮೇಲಕ್ಕೆ ಬೆಳೆಸಿಕೊಂಡವರ ಮಾತನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅದು ಎಲ್ಲರಿಗೂ ಗೊತ್ತು.

ಹಾಗಾದರೆ ಮಾಡುವುದೇನು? 1993ರ ಸರ್ಕಾರಿ ಆದೇಶದಂತೆ ಅರಣ್ಯ ಇಲಾಖೆಯೊಡನೆ ಕೂಡಿ ಕೆಲಸ ಮಾಡುವ ಗ್ರಾಮ ಅರಣ್ಯ ಸಮಿತಿಗಳಿಗೆ ಅವಕಾಶವಾಯಿತು. ಊರಿನ ಸಾಮಾನ್ಯ ಭೂಮಿಗಳ ಒತ್ತುವರಿಯನ್ನು ತೆರವು ಮಾಡಬೇಕೆಂದು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಸೂಚನೆಯಿತ್ತಿತು. ಕಾಗದದ ಮೇಲಿನ ಸಾಧನಗಳಿಗೆ ಕೊರತೆಯಿಲ್ಲ. ಕೆಲಸ ನಡೆಯಬೇಕಾದುದು ಗುಡ್ಡದಲ್ಲಿ. ಗೋಮಾಳವನ್ನು ಮೂರು ಪಾಲು ಮಾಡಿ ಪ್ರತಿ ವರ್ಷ ಒಂದು ಪಾಲಿಗೆ ಬೀಜ ಉದುರುವವರೆಗೆ ದನ ಬಿಡದಿರುವುದು; ಆ ಪಾಲಿನ ಹುಲ್ಲನ್ನು ಕೊಯ್ದು ಮನೆಗೆ ಇಷ್ಟು ಹೊರೆಯೆಂದು, ತೋಟವಿಲ್ಲದವರಿಗೂ ಸಮನಾಗಿ, ಹಂಚುವುದು; ಒಂದು ಮರವನ್ನು ಸವರಿದರೆ ಎರಡು ವರ್ಷ ಬಿಟ್ಟು ಮತ್ತೆ ಸವರುವುದು, ತುದಿಯ ಕೊಂಬೆಗಳನ್ನು ಉಳಿಸುವುದು; ಇಳಿಜಾರಿಗೆ ಅಡ್ಡಲಾಗಿ ಇಂಗುಗುಂಡಿ ತೋಡುವುದು; ಬಯಲಾದೆಡೆ ಮತ್ತಿ, ನೆಲ್ಲಿ, ತಾರೆ, ಅಂಟುವಾಳ, ತೇವದ ಓರೆಯಲ್ಲಿ ಮುರುಗಲು, ಉಪ್ಪಾಗೆ ನೆಡುವುದು. ಕೊನೆಯ ಎರಡು ಹಣ್ಣುಗಳ ಸಿಪ್ಪೆಗೆ ಪೇಟೆಯಲ್ಲಿ ಬೆಲೆಯುಂಟು. ಆದರೆ ಉಪ್ಪಾಗೆಯನ್ನು ಮಳೆಗಾಲದಲ್ಲಿ ಬೆಂಕಿಯ ಮೇಲೆ ಒಣಗಿಸಬೇಕಾದುದರಿಂದ ಒಲೆ ಸರಿಯಿಲ್ಲದಿದ್ದರೆ ಹಣ್ಣಿನ ಲಾಭ ಸೌದೆಯಲ್ಲಿ ಸುಟ್ಟುಹೋಗುತ್ತದೆ. ಈ ಕಟ್ಟಳೆಗಳು ನಿಲ್ಲುವುದು ಅವನ್ನು ಮಾಡಿದವರೇ ಕಾಯುವಲ್ಲಿ ಮಾತ್ರ. ವಿಶ್ವಸಂಸ್ಥೆಯು 2026ನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ವರ್ಷವೆಂದು ಸಾರಿದೆ. ಅದರ ಸದ್ದು ನಮ್ಮ ಊರಿನ ಪಂಚಾಯಿತಿಯವರೆಗೆ ಬರುವುದೆಂದು ಕಾದು ಕುಳಿತಿರಬೇಕಾಗಿಲ್ಲ.

ಸಂಶಯವಿರುವವರು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಶಾಲೆಯ ಮಕ್ಕಳೂ ಮಾಡಬಲ್ಲರು. ಗೋಮಾಳದಲ್ಲಿ ಹುಲ್ಲು ಒಂದೇ ತೆರನಾಗಿರುವ ಕಡೆ, ಮೊದಲ ಮಳೆಗೆ ಮುಂಚೆ, ಒಂದು ಗುಂಟೆಯಷ್ಟು ಜಾಗಕ್ಕೆ ಮುಳ್ಳಿನ ಬೇಲಿಯನ್ನು ಭದ್ರವಾಗಿ ಕಟ್ಟಬೇಕು. ಬೇಲಿಯ ಹೊರಗೆ ಅಷ್ಟೇ ಜಾಗಕ್ಕೆ ನಾಲ್ಕು ಗೂಟ ಹೊಡೆದು ಬಿಡಬೇಕು. ನವೆಂಬರ್ ತಿಂಗಳಲ್ಲಿ ಎರಡು ಕಡೆಯೂ ಒಂದು ಮೀಟರು ಉದ್ದ ಒಂದು ಮೀಟರು ಅಗಲದ ಐದೈದು ಚೌಕಗಳನ್ನು ಅಲ್ಲಲ್ಲಿ ಗುರುತಿಸಿ, ಹುಲ್ಲನ್ನು ಬುಡದವರೆಗೆ ಕೊಯ್ದು, ಒಣಗಿಸಿ ತೂಗಬೇಕು. ಪ್ರತಿ ಚೌಕದಲ್ಲಿಯೂ ಹುಲ್ಲಿನ ಜಾತಿಗಳೆಷ್ಟು, ಮರದ ಸಸಿಗಳೆಷ್ಟು, ಯುಪಟೋರಿಯಂ ಎಷ್ಟು ಎಂಬುದನ್ನು ಎಣಿಸಿ ಬರೆಯಬೇಕು. ಮರುವರ್ಷ ಅದೇ ತಿಂಗಳಲ್ಲಿ, ಅದೇ ಬೇಲಿಯೊಳಗೆ, ಹಿಂದೆ ಕೊಯ್ಯದ ಬೇರೆ ಐದು ಚೌಕಗಳಲ್ಲಿ ಇದನ್ನೇ ಮತ್ತೆ ಮಾಡಬೇಕು. ಎರಡು ವರ್ಷಗಳ ತೂಕವನ್ನೂ ಎಣಿಕೆಯನ್ನೂ ಗ್ರಾಮಸಭೆಯಲ್ಲಿ ಓದಿ ಹೇಳಿ, ಪಂಚಾಯಿತಿಯ ಪುಸ್ತಕದಲ್ಲಿ ದಾಖಲೆ ಮಾಡಿಸಬೇಕು.